ಸಣ್ಣ ಟ್ಯಾಂಕಿನಲ್ಲಿ ಬ್ಲೂ ಟ್ಯಾಂಗ್ ಸಣ್ಣದಾಗಿಯೇ ಉಳಿಯುತ್ತದೆಯೇ?

ಬಾಗಲಕೋಟೆ ನವನಗರದಿಂದ ಪ್ರಶ್ನೆ:
ಗೋಲ್ಡ್‌ಫಿಶ್ ಸಾಕಿದ್ದ ಟ್ಯಾಂಕ್ ಮನೆಯಲ್ಲಿ ಖಾಲಿ ಬಿದ್ದಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಮಗಳಿಗೆ ಈಗ ಸಮುದ್ರದ ಮೀನೇ ಬೇಕಂತೆ. ಎರಡು ಕ್ಲೌನ್ ಮೀನು, ಒಂದು ಬ್ಲೂ ಟ್ಯಾಂಗ್ ತರುವ ಯೋಚನೆಯಿದೆ. ಟ್ಯಾಂಗ್ ದೊಡ್ಡದಾಗುವುದಿಲ್ಲವೇ ಎಂದು ಕೇಳಿದರೆ, "ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ" ಎನ್ನುತ್ತಾರೆ ಅಂಗಡಿಯವರು. ಸಾಕಿದವರು ದಯವಿಟ್ಟು ಅನುಭವ ಹೇಳಿ. ಇವು ಎಷ್ಟು ವರ್ಷ ಬದುಕುತ್ತವೆ?

ಬೆಳಗಾವಿ ಟಿಳಕವಾಡಿಯಿಂದ:
ಸರ್, ಸಣ್ಣ ಟ್ಯಾಂಕಿನಲ್ಲಿ ಮೀನು ಗಿಡ್ಡಾಗಿ ಉಳಿಯುವುದು ನಿಜ. ಏಕೆ ಉಳಿಯುತ್ತದೆ ಎಂಬುದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ. ಗಾಜಿನ ಅಳತೆ ನೋಡಿಕೊಂಡು ಬೆಳವಣಿಗೆ ನಿಲ್ಲಿಸುವ ಬುದ್ಧಿ ಯಾವ ಮೀನಿಗೂ ಇಲ್ಲ. ಕಿವಿರುಗಳಿಂದ ಹೊರಬೀಳುವ ಅಮೋನಿಯಾ ಬ್ಯಾಕ್ಟೀರಿಯಾಗಳ ಮೂಲಕ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆ. ನೀರು ಕಡಿಮೆ ಇದ್ದಷ್ಟೂ ಇವು ಬೇಗ ಏರುತ್ತವೆ. ಮೀನು ಸದಾ ಒತ್ತಡದಲ್ಲಿರುತ್ತದೆ, ಮೇವು ಬಿಡುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಹೊಂದಾಣಿಕೆ ಎಂದು ಹೆಸರಿಡುವುದು ವ್ಯಾಪಾರದ ಜಾಣತನ, ಅಷ್ಟೇ.

ಬ್ಲೂ ಟ್ಯಾಂಗ್ ಪೂರ್ತಿ ಬೆಳೆದರೆ ಸುಮಾರು 30 ಸೆಂಟಿಮೀಟರ್. ನಿಮ್ಮ ಟ್ಯಾಂಕಿನ ಅಗಲವೂ ಅಷ್ಟೇ, ಅದು ತಿರುಗುವುದೆಲ್ಲಿ? ಇಡೀ ದಿನ ಈಜುತ್ತಾ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನೂ ಪಾಚಿಯನ್ನೂ ಮೇಯುವ ಜಾತಿ ಅದು. ನನ್ನ ಪರಿಚಯದವರೊಬ್ಬರು ಮೂರಡಿ ಟ್ಯಾಂಕಿನಲ್ಲಿ ಇಟ್ಟಿದ್ದರು. ಹೊಟ್ಟೆ ಒಳಗೆ ಹೋಗಿ, ತಲೆಯ ಮೇಲೆ ಸಣ್ಣ ಗುಳಿಗಳು ಬಿದ್ದು, ಎರಡನೆಯ ಬೇಸಿಗೆ ದಾಟಲಿಲ್ಲ. ಚೆನ್ನಾಗಿ ಸಾಕಿದರೆ ಕ್ಲೌನ್ ಆಗಲಿ, ಟ್ಯಾಂಗ್ ಆಗಲಿ 20 ವರ್ಷ ದಾಟಬಲ್ಲವು. ಎರಡು ವರ್ಷಕ್ಕೆ ಸತ್ತರೆ "ಅದರ ಆಯುಸ್ಸೇ ಅಷ್ಟು" ಎನ್ನುವವರನ್ನು ನಂಬಬೇಡಿ.

ವಿಜಯಪುರದಿಂದ:
ಮೇಲಿನವರು ಬೆಳಗಾವಿಯ ತಂಪಿನಲ್ಲಿ ಕುಳಿತು ಬರೆದಿದ್ದಾರೆ, ನಮ್ಮ ಕಡೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಟ್ಯಾಂಕಿಗೆ ಹಿಡಿಯುವುದು 56 ಲೀಟರ್. ಮರಳು, ಕಲ್ಲು ಹಾಕಿದ ಮೇಲೆ ಇನ್ನೂ ಕಡಿಮೆ. ಹೊರಗೆ 40 ಡಿಗ್ರಿ ಇರುವಾಗ ತಂಬಿಗೆಯ ನೀರು ಕಾದಷ್ಟು ಬೇಗ ಹಂಡೆಯ ನೀರು ಕಾಯುವುದಿಲ್ಲ. ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ನಿಲ್ಲುವುದೂ ಕಡಿಮೆ. ಅದರ ಮೇಲೆ ಕರೆಂಟು ಹೋದರೆ ಮುಗಿಯಿತು. ಏರ್ ಪಂಪನ್ನು ಇನ್ವರ್ಟರಿಗೆ ಜೋಡಿಸಿಬಿಡಿ.

ನಮ್ಮ ಒಣ ಹವೆಯಿಂದ ಒಂದು ಲಾಭವಿದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆವಿಯಾಗುತ್ತದೆ, ಉಪ್ಪು ಹಿಂದೆಯೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಆರ್‌ಒ ಸಿಹಿನೀರನ್ನೇ ಹಾಕಬೇಕು, ಉಪ್ಪು ಬೆರೆಸಿದ ನೀರನ್ನಲ್ಲ. ಸಣ್ಣ ಟ್ಯಾಂಕಿನಲ್ಲಿ ಮೇ ತಿಂಗಳಲ್ಲಿ ಇದು ದಿನಕ್ಕೆರಡು ಸಲದ ಕೆಲಸ. ಊರಿಗೆ ಹೋಗುವ ಮಾತೇ ಇಲ್ಲ!

ಇಳಕಲ್‌ನಿಂದ:
ಅಷ್ಟೆಲ್ಲ ಹೆದರಿಸಬೇಡಿ. ನನ್ನಲ್ಲಿ ಎರಡಡಿ ಟ್ಯಾಂಕಿನಲ್ಲೇ ಕ್ಲೌನ್ ಜೋಡಿ ಆರಾಮವಾಗಿದೆ. ಆದರೆ ಒಂದು ಬೆಳೆದು ದೊಡ್ಡದಾಗಿದೆ, ಇನ್ನೊಂದು ಅದರ ಅರ್ಧದಷ್ಟೇ ಇದೆ. ಇದು ಟ್ಯಾಂಕಿನ ಪರಿಣಾಮವಲ್ಲವೇ?

ಬೆಳಗಾವಿ ಟಿಳಕವಾಡಿಯಿಂದ:
ಅಲ್ಲ ಅಣ್ಣ, ಅದು ಅವುಗಳ ಮನೆತನದ ಪದ್ಧತಿ. ದೊಡ್ಡದು ಹೆಣ್ಣು, ಎರಡನೆಯದು ಗಂಡು. ಸಮುದ್ರದಲ್ಲೂ ಹೀಗೆಯೇ. ಕೆಳಗಿನ ಸ್ಥಾನದ ಮೀನು ಮೇಲಿನದರ ಜಗಳಕ್ಕೆ ಸಿಗದಂತೆ ತನ್ನ ಬೆಳವಣಿಗೆಯನ್ನು ತಾನೇ ತಡೆದುಕೊಳ್ಳುತ್ತದೆ. ಪಾಪುವಾ ನ್ಯೂಗಿನಿಯ ಕಡಲಿನಲ್ಲಿ ಇದನ್ನು ಗಮನಿಸಿದ ಸಂಶೋಧಕ ಪೀಟರ್ ಬಸ್ಟನ್ 2003ರಲ್ಲಿ ಪ್ರಕಟಿಸಿದರು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಬೆಳೆಯುತ್ತದೆ. ಹಾಗಾಗಿ ನಿಮ್ಮ ಗಿಡ್ಡ ಮೀನು ಆರೋಗ್ಯವಾಗಿಯೇ ಇದೆ. ಮೇವು ತಿನ್ನುತ್ತಾ, ಬೆನ್ನು ನೆಟ್ಟಗಿದ್ದು, ಹೊಟ್ಟೆ ತುಂಬಿಕೊಂಡಿದ್ದರೆ ಚಿಂತೆಯಿಲ್ಲ.

ಇನ್ನೊಂದು ಮಾತು. ಕ್ಲೌನ್ ಮೀನುಗಳನ್ನು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ, ತಮಿಳುನಾಡಿನ ಮಂಡಪಂ ಕೇಂದ್ರದವರು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ. ಅಂಥ ಮರಿಗಳು ಟ್ಯಾಂಕಿಗೆ ಬೇಗ ಒಗ್ಗುತ್ತವೆ. ಬ್ಲೂ ಟ್ಯಾಂಗ್ ಬಹುತೇಕ ಕಡಲಿನಿಂದ ಹಿಡಿದು ತಂದದ್ದೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಟ್ಯಾಂಗ್ ಕೈಬಿಟ್ಟೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ್ದು ಮಾಡಿಸಲೇ? ಮನೆ ಮೊದಲ ಮಹಡಿಯಲ್ಲಿದೆ. ಮಗಳು ಮಾತ್ರ ಕ್ಲೌನ್ ಜೊತೆ ಇನ್ನೊಂದು ಬಣ್ಣದ ಮೀನು ಬೇಕೇ ಬೇಕು ಎಂದು ಹಟ ಹಿಡಿದಿದ್ದಾಳೆ.

ವಿಜಯಪುರದಿಂದ:
ಮಾಡಿಸಿ. ಸುಮಾರು 190 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಇನ್ನೂರು ಕಿಲೋ ದಾಟುವುದರಿಂದ ಹಾಲ್‌ನ ನಡುವೆ ಬೇಡ, ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ಅನುಮಾನವಿದ್ದರೆ ಮನೆ ಕಟ್ಟಿದ ಎಂಜಿನಿಯರನ್ನು ಕೇಳಿ. ಮೀನು ಬಿಡುವ ಮೊದಲು ಕೆಲವು ವಾರ ಫಿಲ್ಟರ್ ನಡೆಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಕಾಯಿರಿ. ಮಗಳಿಗೆ ಫೈರ್‌ಫಿಶ್ ತೋರಿಸಿ, ಎಂಟು ಸೆಂಟಿಮೀಟರಿನ ಆಸುಪಾಸಿನ ಸಾಧು ಮೀನು, ಬಾಲದ ಕಡೆ ಕೆಂಪು. ಹೆದರಿದರೆ ಹೊರಗೆ ಜಿಗಿಯುತ್ತದೆ, ಟ್ಯಾಂಕಿನ ಮೇಲೆ ಜಾಳಿಗೆ ಹಾಕಿಸಿ.