ಬೈ ಅಂಡ್ ಬೈ: ಈಗಲೇನಾ, ಆಮೇಲಾ?

ಮಾವ: (ಫಾರ್ವರ್ಡ್) ಹಳೆಯ ಇಂಗ್ಲಿಷ್ ಬೈಬಲ್‌ನಲ್ಲಿ ಹೆರೋದ್ಯಳ ಮಗಳು ರಾಜನ ಹತ್ತಿರ ಸ್ನಾನಿಕ ಯೋಹಾನನ ತಲೆಯನ್ನು 'ಬೈ ಅಂಡ್ ಬೈ' ಕೊಡು ಅನ್ನುತ್ತಾಳೆ. ಅಂದರೆ ಆಮೇಲೆ ಕೊಟ್ಟರೂ ಸರಿ. ಅವಳಿಗೂ ಅಳುಕಿತ್ತು!

ಮಾವ: ಎಲ್ಲರೂ ಓದಿ. ಚರ್ಚ್ ಗುಂಪಿಗೂ ಹಾಕಿದ್ದೇನೆ.

ನಾನು: ಮಾವ, ಇದು ತಪ್ಪು. ಅದು 1611ರ ಕಿಂಗ್ ಜೇಮ್ಸ್ ಬೈಬಲ್, ಮಾರ್ಕನ ಸುವಾರ್ತೆ 6:25. ಅಲ್ಲಿ ಬೈ ಅಂಡ್ ಬೈ ಅಂದರೆ 'ಈಗಿಂದೀಗಲೇ'. ಗ್ರೀಕ್ ಮೂಲದಲ್ಲೂ ತಕ್ಷಣ ಅಂತಲೇ ಇದೆ. ಅದೇ ವಚನದ ಮೊದಲ ಅರ್ಧ ನೋಡಿ, ಅವಳು ಅವಸರದಿಂದ ರಾಜನ ಹತ್ತಿರ ಬಂದಳು ಅಂತಿದೆ. ಅಷ್ಟು ಅವಸರದಲ್ಲಿ ಬಂದವಳು ನಿಧಾನಕ್ಕೆ ಕೊಡಿ ಅಂತ ಕೇಳುತ್ತಾಳಾ?

ಮಾವ: ಡಿಕ್ಷನರಿಯಲ್ಲಿ 'ಸ್ವಲ್ಪ ಹೊತ್ತಿನ ಮೇಲೆ' ಅಂತಿದೆಯಲ್ಲಮ್ಮ. ಮಾರ್ಕ್ ಟ್ವೇನ್ ಕಾದಂಬರಿ ಹಕ್ಲ್‌ಬೆರಿ ಫಿನ್ ತುಂಬಾ ಅದೇ ಅರ್ಥ.

ನಾನು: ಅದು 1884ರ ಪುಸ್ತಕ ಮಾವ, ಅಲ್ಲಿ ನೀವು ಹೇಳಿದ್ದೇ ಸರಿ. ನಡುವೆ 270 ವರ್ಷ ಕಳೆದಿದೆ, ಅಲ್ವಾ?

ಅಕ್ಕ: ಅರ್ಥ ಹೇಗೆ ಇಷ್ಟು ಉಲ್ಟಾ ಆಯಿತು?

ನಾನು: ಅಡುಗೆಮನೆಯಿಂದ 'ಬಂದೆ, ಬಂದೆ' ಅಂತ ಕೂಗಿ ಅರ್ಧ ಗಂಟೆ ಬಿಟ್ಟು ಬರುತ್ತೇವಲ್ಲ, ಹಾಗೆ. ಶೇಕ್ಸ್‌ಪಿಯರ್‌ನ ರೋಮಿಯೋ ಜೂಲಿಯೆಟ್‌ನಲ್ಲೇ ನೋಡು. ದಾದಿ ಒಳಗಿಂದ ಕರೆಯುತ್ತಾಳೆ, ಜೂಲಿಯೆಟ್ 'ಬೈ ಅಂಡ್ ಬೈ ಐ ಕಮ್' ಅನ್ನುತ್ತಾಳೆ, ಇದೋ ಬಂದೆ ಅಂತ, ಆದರೆ ರೋಮಿಯೋ ಜೊತೆ ಮಾತು ಮಾತ್ರ ನಿಲ್ಲಿಸುವುದಿಲ್ಲ. ಎಲ್ಲರೂ ಹೀಗೇ ತಡ ಮಾಡಿದರೆ ಮಾತಿನ ಅರ್ಥವೂ ತಡವಾಗುತ್ತದೆ. ಪ್ರೆಸೆಂಟ್ಲಿ ಅನ್ನುವ ಇಂಗ್ಲಿಷ್ ಪದಕ್ಕೂ ಇದೇ ಆಯಿತು, 'ಈಗಲೇ' ಅಂತಿದ್ದದ್ದು 'ಸ್ವಲ್ಪ ಹೊತ್ತಿನ ಮೇಲೆ' ಆಯಿತು.

ಮಾವ: ಹಾಗಾದರೆ ಹ್ಯಾಮ್ಲೆಟ್? ತಾಯಿ ಕರೆದಾಗ ಬೈ ಅಂಡ್ ಬೈ ಬರುತ್ತೇನೆ ಅನ್ನುತ್ತಾನೆ. ತಡ ಮಾಡುವುದೇ ಅವನ ಸ್ವಭಾವ!

ನಾನು: ಅದು ನನಗೆ ತುಂಬಾ ಇಷ್ಟದ ಜಾಗ ಮಾವ. ತಾಯಿಯ ಕರೆ ತಂದ ಪೊಲೋನಿಯಸ್ 'ಹಾಗೇ ಹೇಳುತ್ತೇನೆ' ಅಂದ ಕೂಡಲೇ, ಬೈ ಅಂಡ್ ಬೈ ಅಂತ ಹೇಳುವುದೇನೋ ಸುಲಭ ಅಂತ ಹ್ಯಾಮ್ಲೆಟ್ ಅನ್ನುತ್ತಾನಲ್ಲ, ಆ ಸಾಲಿನಲ್ಲಿ ಈಗಲೇ, ಆಮೇಲೆ ಎರಡೂ ಕೇಳಿಸುತ್ತವೆ. ಹೋಗುವ ದಾರಿಯಲ್ಲೇ, ತನ್ನ ತಂದೆಯನ್ನು ಕೊಂದ ರಾಜ ಪ್ರಾರ್ಥನೆ ಮಾಡುತ್ತಿರುವುದನ್ನು ಕಂಡು ನಿಲ್ಲುತ್ತಾನೆ, ಕತ್ತಿ ಹಿರಿದೂ ಕೊಲ್ಲುವುದಿಲ್ಲ. ಅಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮಾರ್ಕನಲ್ಲಿ ಆ ಎರಡನೇ ಅರ್ಥಕ್ಕೆ ಜಾಗವೇ ಇಲ್ಲ. ಜನ ತಪ್ಪು ತಿಳಿಯಬಾರದು ಅಂತಲೇ 1881ರ ಪರಿಷ್ಕೃತ ಬೈಬಲ್‌ನಲ್ಲಿ ಅದನ್ನು ತೆಗೆದು 'ಫೋರ್ತ್‌ವಿತ್', ಅಂದರೆ ತಕ್ಷಣ, ಅಂತ ಹಾಕಿದರು.

ಅಕ್ಕ: ಒಬ್ಬ ಮನುಷ್ಯನ ತಲೆ ಕೇಳಿದವಳಿಗೆ ಸುಮ್ನೆ ಅಳುಕು ಅಂಟಿಸುವುದು ನನಗೂ ಸರಿ ಕಾಣುತ್ತಿಲ್ಲ.

ಮಾವ: ಸರಿ, ಇಲ್ಲಿಂದ ತೆಗೆಯುತ್ತೇನೆ.

ನಾನು: ಚರ್ಚ್ ಗುಂಪಿಂದಲೂ ತೆಗೆಯಿರಿ ಮಾವ. ಯಾಕೆ ಅಂತ ಒಂದು ಸಾಲು ಬರೆದೇ ತೆಗೆಯಿರಿ.