ಅಪ್ಪನ್ನ ವೆಂಟಿಲೇಟರಿಗೆ ಹಾಕ್ಯಾರ, ಅನುಭವ ಇದ್ದವ್ರು ಹೇಳ್ರಿ

ಮುಧೋಳ, ಮೇ 2021

ಅಪ್ಪಗ ಕೋವಿಡ್ ಆಗೈತಿ, ಅರವತ್ತು ದಾಟೈತಿ, ಶುಗರ್ ಐತಿ. ಬಾಗಲಕೋಟಿ ಒಂದ್ ದವಾಖಾನ್ಯಾಗ ಅದಾರ, ಒತ್ತಿ ಗಾಳಿ ಕೊಡೋ ಬೈಪ್ಯಾಪ್ ಮಾಸ್ಕ್ ಹಾಕಿದ್ರೂ ಆಕ್ಸಿಜನ್ ನಿಲ್ಲವಲ್ದು ಅಂತ ನಿನ್ನೆ ರಾತ್ರಿ ವೆಂಟಿಲೇಟರಿಗೆ ಹಾಕಿದ್ರು. ಅದಕ್ಕ ಹಾಕಿದ್ರ ಮುಗೀತು ಅಂತಾರ ಊರಾಗ, ಖರೇನ್ರಿ? ರೆಮ್ಡೆಸಿವಿರ್ ಇಂಜೆಕ್ಷನ್, ಕೋವಿಡ್ ಆಗಿ ಆರಾಮಾದವ್ರ ರಕ್ತದ ಪ್ಲಾಸ್ಮಾ ಹುಡುಕ್ಲ್ಯಾ? ಅವ್ವಗ ಏನ್ ಹೇಳ್ಲಿ ತಿಳೀವಲ್ದು.

ವಿಜಯಪುರ

ಮುಗೀತು ಅನ್ನೋದು ಸುಳ್ಳರಿ. ನಮ್ಮ ಅಣ್ಣನ್ನ ಹೋದ್ ವರ್ಷ ಸಪ್ಟೆಂಬರ್‌ದಾಗ ಹಾಕಿದ್ರು, ಈಗ ದ್ರಾಕ್ಷಿ ತ್ವಾಟಕ್ಕ ತಾನ ಹೋಗಿ ಬರ್ತಾನ. ಆದ್ರ ಗಂಟಲಾಗಿನ ವೆಂಟಿಲೇಟರ್ ಟ್ಯೂಬ್ ತಗದ್ ಮ್ಯಾಲಿಂದು ಯಾರೂ ಹೇಳಂಗಿಲ್ಲ ನೋಡ್ರಿ, ಅದನ್ನ ಕೇಳ್ರಿ. ಎಚ್ಚರಾದಾಗ ನರ್ಸ್ ಕೊಲ್ಲಾಕ ಬಂದಾಳ ಅಂತ ಚೀರ್ತಿದ್ದ, ನನ್ನ ಗುರ್ತ ಹಿಡೀಲಿಲ್ಲ, ತಲಿ ಕೆಟ್ಟತು ಅಂತ ಅತ್ತಿಗಿ ಅತ್ತು ಅತ್ತು ಸಾಕಾದಳು. ಡೆಲಿರಿಯಂ ಅಂತಾರ ಅದಕ್ಕ, ಮಂಪರ ಔಷಧ, ನಿದ್ದಿ ಇಲ್ಲದ್ದು, ಹಗಲು ರಾತ್ರಿ ತಿಳೀದ್ದು ಎಲ್ಲಾ ಕೂಡಿ ಹಂಗ ಆಗ್ತದ, ಬರಬರ್ತ ಹೋತು. ಕಾಲಾಗಿನ ಕಸುವು ಮಾತ್ರ ಲಗೂ ಬರಲಿಲ್ಲ. ಒಂದ್ ಚಮಚ ಎತ್ತಾಕ ಕೈ ನಡಗ್ತಿತ್ತು. ಫಿಸಿಯೋದವ್ರನ್ನ ಮನಿಗೆ ಕರಸ್ರಿ, ರೊಕ್ಕಾ ಅಲ್ಲಿಗೂ ಸ್ವಲ್ಪ ಇಟಗೋರಿ.

ಬೆಳಗಾವಿ, ಐಸಿಯು ನರ್ಸ್

ತಮ್ಮಾ, ಸುಳ್ಳ ಧೈರ್ಯ ಹೇಳಂಗಿಲ್ಲ. 2020ರ ಏಪ್ರಿಲ್‌ದಾಗ ಇಂಗ್ಲೆಂಡ್ ಐಸಿಯುಗಳ ಲೆಕ್ಕ ಬಂದಾಗ ಹೆಚ್ಚುಕಮ್ಮಿ ಅರ್ಧ ಮಂದಿ ತೀರಿಕೊಂಡಿದ್ರು, ವೆಂಟಿಲೇಟರ್ ಮ್ಯಾಲಿನವ್ರಾಗ ಅದಕ್ಕೂ ಹೆಚ್ಚು. ಊರಾಗ ಓಡಾಡೋ ಮಾತು ಇಂಥ ಲೆಕ್ಕದ್ದ. ಆದ್ರ ಆಗ ಇನ್ನೂ ಬೆಡ್ ಮ್ಯಾಲೆ ಇದ್ದವ್ರನ್ನ ಅದರಾಗ ಹಿಡಿದಿರಲಿಲ್ಲ, ಲಗೂನ ಹೋದವ್ರು ಲೆಕ್ಕಕ್ಕ ಬಂದ್ರು, ನಿಧಾನ ಆರಾಮ ಆಗೋರು ಹೊರಗ ಉಳದ್ರು. ಆಮ್ಯಾಲೆ ಜೂನ್‌ದಾಗ ಇಂಗ್ಲೆಂಡಿನ ರಿಕವರಿ ಅನ್ನೋ ಔಷಧ ಟ್ರಯಲ್‌ದ ಲೆಕ್ಕ ಬಂತು: ವೆಂಟಿಲೇಟರ್ ಮ್ಯಾಲಿದ್ದವ್ರಿಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ದಿನಕ್ಕ 6 ಮಿಲಿಗ್ರಾಂ ಕೊಟ್ಟಾಗ 28 ದಿನದೊಳಗ ನೂರಕ್ಕ 29 ಮಂದಿ ಹೋದ್ರು, ಕೊಡದಿದ್ದಲ್ಲೆ 41. ಅಗ್ಗದ ಔಷಧ, ನಿಮ್ಮ ಅಪ್ಪಾರಿಗೂ ನಡದಿರಬೇಕು, ಕೇಳ್ರಿ. ಅದರಿಂದ ಶುಗರ್ ಭಾಳ ಏರತೈತಿ, ಈಗಿನ ಬ್ಲ್ಯಾಕ್ ಫಂಗಸ್ ಶುಗರ್ ಇದ್ದವ್ರಿಗೇ ಹೆಚ್ಚು ಬರಾಕತ್ತೈತಿ, ಹಂಗಂತ ಸ್ಟೆರಾಯ್ಡ್ ಬಿಡಸಬ್ಯಾಡ್ರಿ, ಇನ್ಸುಲಿನ್ ಹೆಂಗ ನಡದೈತಿ ಅಂತ ದಿನಾ ಕೇಳ್ರಿ.

ರೆಮ್ಡೆಸಿವಿರಿಗೆ ಬ್ಲ್ಯಾಕ್‌ನಾಗ ರೊಕ್ಕಾ ಸುರೀಬ್ಯಾಡ್ರಿ. ಈ ಹಂತಕ್ಕ ಬಂದ್ ಮ್ಯಾಲೆ ಅದು ಜೀವ ಉಳಸ್ತೈತಿ ಅಂತ ಡಬ್ಲ್ಯುಎಚ್ಓದ ದೊಡ್ಡ ಟ್ರಯಲ್‌ದಾಗ ಕಾಣಲಿಲ್ಲ. ಪ್ಲಾಸ್ಮಾ ಅಂತೂ ಇದೇ ತಿಂಗಳ ಸರ್ಕಾರದ ಕೋವಿಡ್ ಗೈಡ್‌ಲೈನಿನಿಂದನ ತಗದಾರ.

ಡಾಕ್ಟ್ರು ಫೋನ್ ಮಾಡಿದಾಗ ಹೆಂಗದಾರ ಅಂದ್ರ ಸೀರಿಯಸ್ ಅಂತನ ಅಂತಾರ, ಮತ್ತೇನ್ ಅಂತಾರ ಪಾಪ. ಮಷೀನ್ ಎಷ್ಟ ಪರ್ಸೆಂಟ್ ಆಕ್ಸಿಜನ್ ಕೊಡಾಕತ್ತೈತಿ, ನಿನ್ನಿಗಿಂತ ಹೆಚ್ಚೋ ಕಮ್ಮಿಯೋ, ಬಿಪಿಗೆ ಇಂಜೆಕ್ಷನ್ ಸಪೋರ್ಟ್ ಬೇಕಾಗೈತೇನು, ಮೂತ್ರ ಹೋಗತೈತೇನು, ಇಷ್ಟ ಕೇಳ್ರಿ. ಡಬ್ಬ, ಅಂದ್ರ ಹೊಟ್ಟಿ ಕೆಳಗ ಮಾಡಿ, ಮಲಗಿಸ್ಯಾರಂದ್ರ ಹೆದರಬ್ಯಾಡ್ರಿ, ದಿನಕ್ಕ ಹದಿನಾರ ತಾಸಿನತನಕ ಹಂಗ ಇಡ್ತೀವಿ, ಬೆನ್ನಿನ ಕಡಿ ಪುಪ್ಪುಸಕ್ಕ ಗಾಳಿ ಆಡತೈತಿ.

ಗೋಕಾಕ

ನಮ್ಮವ್ವ ಉಳೀಲಿಲ್ಲ. ಪುಪ್ಪುಸ ಸುಧಾರಿಸ್ತು ಅನ್ನೂದ್ರಾಗ ಕಿಡ್ನಿ ಹೋದವು, ಡಯಾಲಿಸಿಸ್ ಹಚ್ಚಿದ್ರು, ಆಗಲಿಲ್ಲ. ಮ್ಯಾಲಿನ ಅಕ್ಕಾರು ಮೂತ್ರದ್ದು ಕೇಳ್ರಿ ಅಂದದ್ದು ಅದಕ್ಕ. ನಿಮ್ಮ ಅವ್ವಗ ಮುಚ್ಚಿಡಬ್ಯಾಡ್ರಿ. ನಾವು ಅಪ್ಪಗ ದಿನಾ ಇದ್ದದ್ದ ಹೇಳಿದ್ವಿ, ನರ್ಸ್ ವಿಡಿಯೋ ಕಾಲ್‌ನಾಗ ಮಾರಿ ತೋರಿಸಿದ್ರು. ಸುದ್ದಿ ಬಂದಾಗ ತಯಾರ್ ಇದ್ರು ಅನ್ನಂಗಿಲ್ಲ, ಅದಕ್ಕ ಯಾರ್ ತಯಾರ್ ಇರ್ತಾರ, ಆದ್ರ ನನಗ ಹೇಳಲಿಲ್ಲ ಅಂತ ನಮ್ಮ ಮ್ಯಾಲೆ ಸಿಟ್ಟಾಗಲಿಲ್ಲ. ಫೋನಿಗೆ ಮನಿಯಿಂದ ಒಬ್ರನ್ನ ಇಡ್ರಿ, ಐದ್ ಮಂದಿ ಕೇಳಿದ್ರ ಐದ್ ಅರ್ಥ ಮಾಡ್ಕೊಂಡ್ ಮನ್ಯಾಗ ಜಗಳ.

ಮುಧೋಳ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಈಗ ಫೋನ್ ಬಂದಿತ್ತು, ಮಷೀನ್ ಕೊಡೋ ಆಕ್ಸಿಜನ್ 80 ಪರ್ಸೆಂಟ್ ಇದ್ದದ್ದು 70ಕ್ಕ ಇಳಿಸ್ಯಾರಂತ, ಬಿಪಿ ಸಪೋರ್ಟ್ ಇಲ್ಲಂತ. ಅವ್ವಗ ಹೇಳೀನಿ.

ಬೆಳಗಾವಿ, ಐಸಿಯು ನರ್ಸ್

ಚಲೋ ಆತು. ನಾಳೆ ಮತ್ತ ಏರಿದ್ರ ಎದಿ ಒಡಕೋಬ್ಯಾಡ್ರಿ, ಏರಿಳಿತ ಇದ್ದದ್ದ. ಸಂಜೀಕ ಕ್ರಿಯಾಟಿನಿನ್ (ಕಿಡ್ನಿ ಹೆಂಗದಾವ ಅಂತ ತೋರ್ಸೋ ರಕ್ತ ಪರೀಕ್ಷೆ), ಶುಗರ್ ಎಷ್ಟ ಬಂದಾವ ಕೇಳಿ ಇಲ್ಲೇ ಬರೀರಿ.