ಗಾಳದ ‘ಹೇರ್ ರಿಗ್’ಗೆ ಕನ್ನಡ ಪದ ಯಾವುದು? ನೇಕಾರರ ‘ಕೆಚ್ಚು’ ಇಲ್ಲಿ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಆಲಮಟ್ಟಿ ಹಿನ್ನೀರಿನ ದಡದಲ್ಲಿ ಗಾಳ ಹಾಕುವ ಹುಡುಗರಿಗಾಗಿ ಒಂದು ಸಣ್ಣ ಕೈಪಿಡಿ ಸಿದ್ಧ ಮಾಡುತ್ತಿದ್ದೇನೆ. ಗೆಂಡೆ ಮೀನಿಗೆ ಹೇರ್ ರಿಗ್ ಕಟ್ಟುವುದು ಹೇಗೆ ಅನ್ನೋದು ಅದರ ವಿಷಯ. ಚಿತ್ರ ಬರೆದಾಯಿತು, ಅಳತೆ ಹಾಕಿದ್ದಾಯಿತು. ಪದಗಳ ಹತ್ತಿರ ಕೆಲಸ ನಿಂತಿದೆ. ‘ಹೇರ್’, ‘ರಿಗ್’, ‘ನಾಟ್‌ಲೆಸ್ ನಾಟ್’ (ಕೊಕ್ಕೆಗೆ ದಾರ ಹಿಡಿಸುವ ಒಂದು ಬಗೆ) ಈ ಮೂರಕ್ಕೆ ಓದಿದ ಕೂಡಲೇ ಕೈಗೆ ತಿಳಿಯುವಂಥ ಮಾತು ಬೇಕು. ಮೊದಲ ಎರಡಕ್ಕೆ ದಾರಿ ಕಾಣುತ್ತಿದೆ. ಮೂರನೆಯದಕ್ಕೆ ನಿಮ್ಮ ಸಹಾಯ ಬೇಕೇ ಬೇಕು.

ಗಾಳ ಹಿಡಿದು ಗೊತ್ತಿಲ್ಲದವರಿಗಾಗಿ ವಸ್ತು ಏನು ಅಂತ ಮೊದಲು ಹೇಳುತ್ತೇನೆ. ಸಾಮಾನ್ಯವಾಗಿ ನಾವು ತಿನಿಸನ್ನು ಕೊಕ್ಕೆಗೇ ಚುಚ್ಚುತ್ತೇವೆ. ಇಲ್ಲಿ ಕೊಕ್ಕೆ ಬರಿದಾಗಿರುತ್ತದೆ. ಅದರ ಬೆನ್ನಿಂದ, ಅಂದರೆ ಮೊನೆಗೆ ಎದುರಿನ ಬದಿಯಿಂದ, ಒಂದು ಗಿಡ್ಡ ದಾರ ಜೋತಿರುತ್ತದೆ, ತಿನಿಸು ಇರುವುದು ಆ ದಾರದಲ್ಲಿ. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಹಾಗಾಗಿ ಅದು ಕಚ್ಚುವುದಿಲ್ಲ, ನೀರಿನ ಸಮೇತ ಹೀರಿಕೊಳ್ಳುತ್ತದೆ. ಅನುಮಾನ ಬಂದರೆ ಹಾಗೇ ಉಗುಳುತ್ತದೆ. ದಾರದ ತುದಿಯಲ್ಲಿದ್ದ ತಿನಿಸು ಮೊದಲು ಹೊರಗೆ ಹೋಗುತ್ತದೆ, ಹಿಂದೆ ಬರುವ ಬರಿ ಕೊಕ್ಕೆ ಮಗುಚಿಕೊಂಡು ಕೆಳತುಟಿಗೆ ನಾಟುತ್ತದೆ. 1980ರ ಆಸುಪಾಸಿನಲ್ಲಿ ಇದನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಲೆನ್ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್. ಮೊದಮೊದಲು ಕಟ್ಟಿದ್ದು ನಿಜವಾದ ತಲೆಗೂದಲಿನಿಂದ. ಈಗ ಆ ಜಾಗಕ್ಕೆ ಹೆಣೆದ ದಾರ ಬಂದಿದೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಕಾಟ್ಲಾ ಮೇಲುನೀರಿನಲ್ಲಿ ಮೇಯುವ ಮೀನು, ತಳಕ್ಕೆ ಬಿಟ್ಟ ಈ ಗಾಳ ಅದಕ್ಕೆ ಅಷ್ಟಾಗಿ ಅಲ್ಲ. ತಳ ಕೆದಕುವ ಸಾಮಾನ್ಯ ಗೆಂಡೆ, ಮೃಗಾಲ್ ಇವುಗಳಿಗೆ ಚೆನ್ನಾಗಿ ಹೊಂದುತ್ತದೆ.

ಈಗ ಪದಕ್ಕೆ ಬರೋಣ. ‘ಹೇರ್’ ಅನ್ನು ‘ಕೂದಲು’ ಅಂತ ಬರೆದರೆ ಹುಡುಗರು ಕೂದಲನ್ನೇ ಹುಡುಕುತ್ತಾರೆ. ‘ಎಳೆ’ ಒಳ್ಳೆಯ ಮಾತು. ಆದರೆ ತಿನಿಸಿಗೆ ‘ಎರೆ’ ಅಂತಲೂ ಅನ್ನುತ್ತೇವಲ್ಲ, ‘ಎರೆಯನ್ನು ಎಳೆಗೆ ಪೋಣಿಸಿ’ ಅಂತ ಬರೆದರೆ ಓದುವವರು ಎಡವುತ್ತಾರೆ. ನಮ್ಮ ಕಡೆ ‘ಎರೆ’ ಅಂದರೆ ಮೊದಲು ನೆನಪಾಗುವುದು ಕಪ್ಪು ನೆಲ, ಅದು ಬೇರೆ ತೊಡಕು. ಹಾಗಾಗಿ ಕೈಪಿಡಿಯಲ್ಲಿ ತಿನಿಸು ಅಂತಲೇ ಇಟ್ಟುಕೊಂಡಿದ್ದೇನೆ. ಜೋತಿರುವ ದಾರಕ್ಕೆ ಇಲ್ಲಿನ ಹುಡುಗರು ‘ಬಾಲ’ ಅನ್ನುತ್ತಾರೆ. ನನಗೆ ಇದು ಬಹಳ ಇಷ್ಟವಾಯಿತು. ಬಾಲ ಅಂದ ಕೂಡಲೇ ಅದು ಹಿಂದೆ ಇರಬೇಕು, ಸಡಿಲವಾಗಿ ಆಡಬೇಕು ಅನ್ನೋದು ಹೇಳದೇ ತಿಳಿಯುತ್ತದೆ. ‘ಬಾಲಂಗೋಚಿ’ ಅಂತ ಒಬ್ಬರು ಸೂಚಿಸಿದರು. ಆ ಮಾತಿಗೆ ಈಗ ಸುಮ್ನೆ ಹಿಂದೆ ಹಿಂದೆ ಬರುವವನು ಅನ್ನುವ ಅರ್ಥ ಜಾಸ್ತಿ ಅಂಟಿದೆ. ಇಲ್ಲಿ ಬಾಲದ್ದೇ ದೊಡ್ಡ ಕೆಲಸ, ಆದ್ದರಿಂದ ಬೇಡ ಅನ್ನಿಸಿತು.

ಕೊಕ್ಕೆ, ದಾರ ಎಲ್ಲ ಸೇರಿದ ಜೋಡಣೆಯೇ ‘ರಿಗ್’, ಅದಕ್ಕೆ ‘ಕಟ್ಟು’ ಸಾಕು. ಬಾಲ ಇರುವ ಕಟ್ಟು ‘ಬಾಲಗಟ್ಟು’. ಬಾಯಲ್ಲಿ ಸರಾಗವಾಗಿ ಹೊರಳುತ್ತದೆ, ಅಲ್ವಾ?

ಕಷ್ಟ ಇರುವುದು ‘ನಾಟ್‌ಲೆಸ್ ನಾಟ್’ನಲ್ಲಿ. ‘ಗಂಟಿಲ್ಲದ ಗಂಟು’ ಅಂದರೆ ಕೇಳಲು ಒಗಟಿನ ಹಾಗಿದೆ, ಕೈಗೆ ಏನೂ ಹೇಳುವುದಿಲ್ಲ. ಸುಮ್ಮನೆ ‘ಗಂಟು’ ಅಂದರೆ ಕೆಲಸವೇ ಕೆಡುತ್ತದೆ. ಅನಗವಾಡಿ ಸೇತುವೆ ಹತ್ತಿರ ಒಬ್ಬ ಹುಡುಗನಿಗೆ ಕರಡು ಪ್ರತಿ ಓದಲು ಕೊಟ್ಟಿದ್ದೆ. ‘ಕೊಕ್ಕೆಯ ಕಣ್ಣಿನ ಬಳಿ ಗಂಟು ಹಾಕಿ’ ಅಂತ ಅದರಲ್ಲಿತ್ತು. ಕಣ್ಣು ಅಂದರೆ ದಾರ ತೂರಿಸುವ ತೂತು. ಅವನು ಓದಿದಂತೆಯೇ ಮಾಡಿದ. ಕಣ್ಣಿಗೆ ಎರಡು ಗಂಟು ಬಿಗಿದು, ಉಳಿದ ದಾರವನ್ನು ಬಾಲ ಅಂತ ಇಳಿಬಿಟ್ಟ. ಬಾಲ ಬೆನ್ನಿನ ಮೇಲೆ ಕೂರಲೇ ಇಲ್ಲ, ಪಕ್ಕಕ್ಕೆ ವಾಲಿತು. ಜಗ್ಗಿದರೆ ಕೊಕ್ಕೆ ಮಗುಚದೆ ನೆಟ್ಟಗೆ ಬಂತು. ಪಕ್ಕದಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಅಂಬಿಗರ ಕಾಕಾ ನೋಡಿ, ‘ಅದಕ್ಕ ಗಂಟ್ ಯಾಕೋ ತಮ್ಮಾ, ಸುತ್ತಿದ್ರ ಸಾಕಲ್ಲ’ ಅಂದರು. ಅವರು ಹೇಳಿದ್ದೇ ಸರಿ. ಇದು ಗಂಟಲ್ಲ, ಸುತ್ತು.

ಕಟ್ಟುವ ಕ್ರಮ ಹೀಗಿದೆ. ದಾರದ ಒಂದು ತುದಿಯಲ್ಲಿ ಚಿಕ್ಕ ಕುಣಿಕೆ ಮಾಡಿಕೊಳ್ಳಬೇಕು. ಗಂಟು ಅನ್ನುವುದು ಇರುವುದು ಅಲ್ಲಿ ಮಾತ್ರ. ತಿನಿಸನ್ನು ಮೊದಲೇ ಪೋಣಿಸಿ ಬಾಲದ ಉದ್ದ ನೋಡಿಕೊಂಡರೆ ಒಳ್ಳೆಯದು, ಆಮೇಲೆ ಸರಿಪಡಿಸಲು ಬರುವುದಿಲ್ಲ. ಕೊಕ್ಕೆಯ ಬಾಗಿಗೂ ತಿನಿಸಿಗೂ ನಡುವೆ 5 ಮಿಲಿಮೀಟರ್‌ನಿಂದ 1 ಸೆಂಟಿಮೀಟರ್ ಜಾಗ ಬಿಡಬೇಕು. ದಾರದ ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿಗೆ ಬೆನ್ನ ಕಡೆಯಿಂದ ತೂರಿಸಿ, ಬಾಲ ಬೆನ್ನಗುಂಟ ಮಲಗುವ ಹಾಗೆ ಹಿಡಿಯಬೇಕು. ಅದೇ ತುದಿಯಿಂದ ದಂಟನ್ನೂ (ಕೊಕ್ಕೆಯ ನೆಟ್ಟನೆಯ ಭಾಗ) ಬಾಲವನ್ನೂ ಸೇರಿಸಿ 7 ಅಥವಾ 8 ಸುತ್ತು, ಕಣ್ಣಿನಿಂದ ಬಾಗಿನ ಕಡೆಗೆ. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಏರಬಾರದು. ಕೊನೆಗೆ ತುದಿಯನ್ನು ಮತ್ತೆ ಬೆನ್ನ ಕಡೆಯಿಂದಲೇ ಕಣ್ಣಿಗೆ ತೂರಿಸಿ, ಎಂಜಲು ಹಚ್ಚಿ ನಿಧಾನವಾಗಿ ಜಗ್ಗಬೇಕು. ಈ ಕೊನೆಯ ‘ಬೆನ್ನ ಕಡೆಯಿಂದ’ ಅನ್ನುವುದನ್ನು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಹೀಗೆ ಮಾಡಿದರೆ ದಾರ ಮೊನೆಯ ಕಡೆಯಿಂದ ಹೊರಡುತ್ತದೆ, ಜಗ್ಗಿದಾಗ ಮೊನೆ ತುಟಿಯ ಕಡೆಗೆ ಬಾಗುತ್ತದೆ. ತಿರುಗಾಮುರುಗಾ ತೂರಿಸಿದರೆ ಕೊಕ್ಕೆ ಮಗುಚುವುದಿಲ್ಲ, ಮೀನು ಉಗುಳಿ ಹೋಗುತ್ತದೆ.

ತಿನಿಸಿಗೆ ನಮ್ಮಲ್ಲಿ ಗೋವಿನಜೋಳ ಸುಲಭವಾಗಿ ಸಿಗುತ್ತದೆ. ರಾತ್ರಿ ನೆನೆಸಿ, ಚೆನ್ನಾಗಿ ಕುದಿಸಿಯೇ ಬಳಸಬೇಕು. ಒಣ ಕಾಳು ಮೀನಿನ ಹೊಟ್ಟೆಯಲ್ಲಿ ಉಬ್ಬಿದರೆ ಅದಕ್ಕೆ ಅಪಾಯ. ಎರಡು ಕಾಳನ್ನು ಕ್ರೋಶಾ ಸೂಜಿಗೆ ಪೋಣಿಸಿ, ಸೂಜಿಯ ಕೊಕ್ಕೆಗೆ ಬಾಲದ ಕುಣಿಕೆ ಸಿಕ್ಕಿಸಿ, ಕಾಳುಗಳನ್ನು ದಾರದ ಮೇಲೆ ಜಾರಿಸಿದರೆ ಆಯಿತು. ದಬ್ಬಣ ಬೇಡ, ಕಾಳು ಸೀಳುತ್ತದೆ. ಕುಣಿಕೆಯಲ್ಲಿ ಕಸಬರಿಗೆ ಕಡ್ಡಿಯ ಒಂದು ಚೂರು ಸಿಕ್ಕಿಸಿದರೆ ತಿನಿಸು ಕಳಚುವುದಿಲ್ಲ. ಅಂಗಡಿಯಲ್ಲಿ ಇದಕ್ಕೆ ಪ್ಲಾಸ್ಟಿಕ್ ತುಂಡು ಮಾರುತ್ತಾರೆ. ಕಡ್ಡಿ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ.

ಈ ಸುತ್ತಿಗೆ ಪದ ಹುಡುಕುವಾಗ ನನಗೆ ಹೊಳೆದದ್ದು ನೇಕಾರರ ‘ಕೆಚ್ಚು’. ಮಗ್ಗದ ಮೇಲಿನ ಹಾಸು (ಉದ್ದಕ್ಕೆ ಬಿಗಿದ ಎಳೆಗಳು) ಮುಗಿಯುತ್ತಾ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯ ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸುತ್ತಾರಲ್ಲ, ಅದು ಕೆಚ್ಚುವುದು. ದಪ್ಪ ಗಂಟು ಹಾಕಿದರೆ ಹಣಿಗೆಯ ಹಲ್ಲಿನ ನಡುವೆ ಸಿಕ್ಕಿ ಎಳೆ ಹರಿಯುತ್ತದೆ, ಅದಕ್ಕೇ ಹೊಸೆಯುವುದು. ಗಂಟಿಲ್ಲದೆ ಗಟ್ಟಿಯಾಗಿ ಕೂಡಿಸುವ ಕೆಲಸಕ್ಕೆ ನಮ್ಮಲ್ಲೇ ಒಂದು ಅಚ್ಚ ಮಾತಿದೆ ಅಂತ ತುಂಬಾ ಖುಷಿಯಾಯಿತು. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿ ಇರುವ ಜಿಲ್ಲೆಯಲ್ಲಿ ಈ ಮಾತು ಪರಕೀಯ ಅನ್ನಿಸುವುದಿಲ್ಲ.

ಆದರೆ ಒಂದು ಅಳುಕಿದೆ. ಕೆಚ್ಚುವಾಗ ಎಳೆಗೆ ಎಳೆ ಕೂಡುತ್ತದೆ. ಇಲ್ಲಿ ದಾರ ಒಂದು ಗಟ್ಟಿ ತಂತಿಯನ್ನು ಸುತ್ತಿ ಹಿಡಿಯುತ್ತದೆ. ಒಂದರಲ್ಲಿ ಹೊಸೆತ ಹಿಡಿಯುತ್ತದೆ, ಇನ್ನೊಂದರಲ್ಲಿ ಸುತ್ತಿನ ಬಿಗಿ. ನೇಯ್ಗೆ ಬಲ್ಲ ಮನೆಯ ಹುಡುಗ ‘ಕೆಚ್ಚಿ’ ಅಂತ ಓದಿದರೆ ದಾರವನ್ನು ದಂಟಿನ ಮೇಲೆ ಹೊಸೆಯಲು ಹೋಗುತ್ತಾನೋ ಏನೋ. ಅದಕ್ಕೆ ಸದ್ಯಕ್ಕೆ ‘ಸುತ್ತುಗಟ್ಟು’ ಅಂತ ಬರೆದುಕೊಂಡಿದ್ದೇನೆ. ಕಾಕಾ ಅಂದ ಮಾತೂ ಅದರಲ್ಲಿದೆ. ಇದನ್ನೇ ಉಳಿಸಿಕೊಳ್ಳುವ ಕಡೆಗೆ ನನ್ನ ಒಲವು. ಆದರೂ ‘ಕೆಚ್ಚು’ ಕೈಬಿಡಲು ಮನಸ್ಸು ಬರುತ್ತಿಲ್ಲ.

ಬಲ್ಲವರು ಹೇಳಬೇಕು. ನಿಮ್ಮ ಕಡೆ ‘ಕೆಚ್ಚು’ ನೂಲಿಗೆ ಮಾತ್ರ ಸಲ್ಲುತ್ತದೆಯೇ? ಹಗ್ಗ, ಮಿಣಿ, ಬಲೆಯ ದಾರ ಕೂಡಿಸುವಾಗಲೂ ಅನ್ನುತ್ತಾರೆಯೇ? ಕುಡುಗೋಲಿನ ಹಿಡಿಗೆ, ಬಾರುಕೋಲಿನ ತುದಿಗೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಒಳಗೇ ಸಿಕ್ಕಿಸಿ ಬಿಗಿಯುತ್ತಾರಲ್ಲ, ಆ ಸುತ್ತಿಗೆ ಬೇರೆ ಹೆಸರು ಇದೆಯೇ? ಇದ್ದರೆ ನನಗೆ ಬೇಕಾದ ಪದ ಅದೇ. ಕರಾವಳಿಯವರು, ಕಾವೇರಿ ಕಡೆಯವರು ಗಾಳದ ದಾರವನ್ನು ಕೊಕ್ಕೆಗೆ ಸುತ್ತುವುದಕ್ಕೆ ಏನನ್ನುತ್ತೀರಿ ಅನ್ನುವುದನ್ನೂ ತಿಳಿಸಿ. ಉತ್ತರ ಬರೆಯುವಾಗ ಅದು ಯಾವ ಊರಿನ ಮಾತು, ಯಾವ ಕಸುಬಿನವರ ಬಾಯಲ್ಲಿ ಕೇಳಿದ್ದು ಅಂತ ದಯವಿಟ್ಟು ಸೇರಿಸಿ.